ಗಾಣದ ಮೋಟ್ರಿಗೆ ಬೆಳ್ಳಮ್ಮನ ಒನಕೆ

ಮದ್ದೂರಿನ ಪೇಟೆ ದಾಟಿ ಮಳವಳ್ಳಿ ಕಡೆಗೆ ಹೊರಳುವ ರಸ್ತೆಯಲ್ಲಿ, ಪಂಕ್ಚರ್ ಹಾಕುವ ಅಂಗಡಿಯ ಪಕ್ಕ, ಯತೀಶನ ಮೋಟ್ರು ಕಟ್ಟುವ ಅಂಗಡಿ ಇದೆ. ಅಂಗಡಿ ಯತೀಶನದು ಎಂದು ಬೋರ್ಡು ಹೇಳುತ್ತದೆ. ಆದರೆ ಅಲ್ಲಿಂದ ಒಂದು ಮೋಟ್ರು ಹೊರಗೆ ಹೋಗಬೇಕೆಂದರೆ ಅವನ ಹೆಂಡತಿ ಕುಸುಮಳ ಅಪ್ಪಣೆ ಬೇಕು. ಅವನು ಸುಟ್ಟ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಕೊಡುತ್ತಾನೆ. ಅವಳು ಅದನ್ನು ಪರೀಕ್ಷೆಗೆ ಕೂರಿಸುತ್ತಾಳೆ. ಪಾಸಾದರೆ ಟೆಂಪೊ ಹತ್ತುತ್ತದೆ, ಫೇಲಾದರೆ ಮತ್ತೆ ಯತೀಶನ ಕಾಲಬುಡಕ್ಕೆ ಬರುತ್ತದೆ. ಸುತ್ತಲಿನ ರೈತರು ಈ ಅಂಗಡಿಗೆ ಕುಸುಮಮ್ಮನ ಇಸ್ಕೂಲು ಎಂದೇ ಹೆಸರಿಟ್ಟಿದ್ದಾರೆ.

ಕುಸುಮ ಪೂರಿಗಾಲಿಯವಳು. ಅಂದಾಜು ಎಂಬ ಮಾತು ಕೇಳಿದರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ತರಕಾರಿಯವನ ತಕ್ಕಡಿಯ ಮುಳ್ಳು ಪೂರಾ ನಿಲ್ಲುವ ತನಕ ಚೀಲ ಒಡ್ಡುವ ಹೆಂಗಸಲ್ಲ ಅವಳು. ಮಂಡ್ಯದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಅಲ್ಲೇ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದಳು. ಒಂದು ದಿನ ಕಾಲೇಜಿನವರು ಮೋಟ್ರು ಪರೀಕ್ಷೆಯನ್ನೆಲ್ಲ ಕಂಪ್ಯೂಟರಿನ ಪರದೆಯ ಮೇಲೆಯೇ ಮಾಡಿಸುತ್ತೇವೆ ಎಂದು ಹೇಳಿ, ಹಳೆಯ ಮೀಟರುಗಳ ಹಲಗೆಯನ್ನು ಗುಜರಿಗೆ ಹಾಕಲು ಹೊರಟರು. ಕುಸುಮ ಅದನ್ನು ತಾನೇ ಕೊಂಡು ಟೆಂಪೊದಲ್ಲಿ ಹೇರಿಸಿಕೊಂಡು ಮದ್ದೂರಿಗೆ ಬಂದಳು. ಅವಳ ಅತ್ತೆ ಬೆಳ್ಳಮ್ಮ ಬಾಗಿಲಲ್ಲಿ ನಿಂತು, ಸೊಸೆ ಹೊಸ ಬೀರು ತಂದಳೆಂದು ಸಂತೋಷಪಟ್ಟಳು. ಅದಕ್ಕೆ ಬಾಗಿಲೂ ಇಲ್ಲ, ಬೀಗವೂ ಇಲ್ಲ, ಬರೀ ಮುಳ್ಳುಗಳು ಎಂದು ಗೊತ್ತಾದ ಮೇಲೆ ಒಂದು ವಾರ ಮುಖ ಊದಿಸಿಕೊಂಡಿದ್ದಳು.

ಬೆಳ್ಳಮ್ಮನ ಮುಖ ಊದಲು ಮುಂದೆ ಇನ್ನೂ ದೊಡ್ಡ ಕಾರಣ ಸಿಕ್ಕಿತು. ಕುಸುಮಳ ಇಸ್ಕೂಲಿನಲ್ಲಿ ಮೂರು ಪರೀಕ್ಷೆ. ಮೊದಲನೆಯದರಲ್ಲಿ ಬ್ಯಾಟರಿ ಹಚ್ಚಿ, ಮೂರು ಫೇಸಿನ ತಂತಿಗಳೂ ಕರೆಂಟಿಗೆ ಒಂದೇ ಸಮನಾಗಿ ಅಡ್ಡ ನಿಲ್ಲುತ್ತವೆಯೇ ಎಂದು ನೋಡುವುದು. ಒಂದರಲ್ಲಿ ಸುತ್ತು ಹೆಚ್ಚುಕಮ್ಮಿಯಾಗಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯದರಲ್ಲಿ ಮೋಟ್ರಿಗೆ ಯಾವ ಕೆಲಸವನ್ನೂ ಹಚ್ಚದೆ ಸುಮ್ಮನೆ ತಿರುಗಲು ಬಿಟ್ಟು, ಅದು ಎಷ್ಟು ಕರೆಂಟು ಕುಡಿಯುತ್ತದೆ ಎಂದು ಅಳೆಯುವುದು. ಮೂರನೆಯದರಲ್ಲಿ ಮೋಟ್ರಿನ ದಂಡವನ್ನು ಅಲ್ಲಾಡದಂತೆ ಹಿಡಿದು ನಿಲ್ಲಿಸಿ, ಚೂರು ಚೂರೇ ಓಲ್ಟೇಜು ಏರಿಸುತ್ತಾ, ತಡೆದು ನಿಂತ ಮೋಟ್ರು ಎಷ್ಟು ಓಲ್ಟಿಗೆ ಎಷ್ಟು ಕರೆಂಟು ಎಳೆಯುತ್ತದೆ ಎಂದು ನೋಡುವುದು. ಈ ಮೂರೂ ಗೊತ್ತಾದರೆ ಆ ಮೋಟ್ರಿನ ಒಳಗುಣ ಪೂರ್ತಿ ತಿಳಿದಂತೆ. ಮೂರನೆಯ ಪರೀಕ್ಷೆಗೆ ದಂಡ ಹಿಡಿಯಲು ಒಂದು ಬಲವಾದ ಸಲಕರಣೆ ಬೇಕಿತ್ತು. ಕಬ್ಬಿಣದ ಸರಳು ದಂಡದ ತುದಿಯ ಪುಲ್ಲಿಯನ್ನು, ಅಂದರೆ ಬೆಲ್ಟು ಕೂರುವ ಗಾಲಿಯನ್ನು, ಕಚ್ಚಿ ಗಾಯ ಮಾಡುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಬೆಳ್ಳಮ್ಮನ ತವರಿನ ಒನಕೆ ನಿಂತಿತ್ತು. ಪುಲ್ಲಿಯ ಕಡ್ಡಿಗಳ ನಡುವೆ ತೂರಿಸಿ, ತುದಿಯನ್ನು ಬೆಂಚಿಗೆ ಕಟ್ಟಿದರೆ ಹೇಳಿ ಮಾಡಿಸಿದಂತೆ ಕೂತಿತು.

ರಾಗಿ ಕುಟ್ಟಿದ ಒನಕೆಗೆ ಈಗ ಕರೆಂಟಿನ ಗೇಮೆ ಬಂತಲ್ಲ ಎಂದು ಬೆಳ್ಳಮ್ಮ ಬೀದಿಯ ಹೆಂಗಸರಿಗೆಲ್ಲ ದೂರು ಹೇಳಿದಳು. ಹಾಗೆಂದು ಒನಕೆ ಕೇಳಿದಾಗ ಒಮ್ಮೆಯೂ ಇಲ್ಲ ಎನ್ನಲಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ತೊಳೆದು ಮೂಲೆಗಿಡುವ ಕೆಲಸವನ್ನು ಬೇರೆಯವರಿಗೆ ಬಿಡಲೂ ಇಲ್ಲ.

ಹೀಗೆ ನಡೆಯುತ್ತಿದ್ದ ಅಂಗಡಿಗೆ ಈ ಸಲದ ಕಬ್ಬಿನ ಸುಗ್ಗಿಯಲ್ಲಿ ಸಿದ್ದರಾಜುವಿನ ಮೋಟ್ರು ಬಂತು. ಸಿದ್ದರಾಜುವಿನದು ಚಿಕ್ಕರಸಿನಕೆರೆಯ ಪಕ್ಕದ ಆಲೆಮನೆ. ಮಾತು ಒರಟು, ಬೆಲ್ಲ ಮಾತ್ರ ಸೊಗಸು. ಮಳೆನೀರು ನುಗ್ಗಿ ಗಾಣದ ಮೋಟ್ರು ಸುಟ್ಟಿತ್ತು. ಸುಟ್ಟ ತಂತಿಯನ್ನು ಹಾಗೆಯೇ ತಂದಿದ್ದರೆ ಯತೀಶ ಸುತ್ತುಗಳನ್ನು ಎಣಿಸಿ ಅದರಂತೆಯೇ ಕಟ್ಟುತ್ತಿದ್ದ. ಆದರೆ ಸಿದ್ದರಾಜು ತಾಮ್ರ ಯಾಕೆ ಹಾಳಾಗಬೇಕೆಂದು ತಾನೇ ಕಿತ್ತು, ಪಾತ್ರೆಯವನಿಗೆ ಹಾಕಿ, ತಾಯಿಗೆ ಒಂದು ತಾಮ್ರದ ಚೊಂಬು ತಂದುಕೊಟ್ಟುಬಿಟ್ಟಿದ್ದ. ಅಂಗಡಿಗೆ ಬಂದದ್ದು ಖಾಲಿ ಕಬ್ಬಿಣ. ಮೈಮೇಲೆ ಅರಿಶಿನ ಕುಂಕುಮ ಗಟ್ಟಿಕಟ್ಟಿದ್ದ ಒಂದು ತಗಡಿನ ಪ್ಲೇಟು ಇತ್ತು. ನಡುವೆ ಉಜ್ಜಿ ನೋಡಿದರೆ ಏಳೂವರೆ ಹೆಚ್‌ಪಿ ಎಂದು ಕಂಡಿತು. ಯತೀಶ ಏಳೂವರೆಯ ಲೆಕ್ಕಕ್ಕೆ ತಂತಿ ಸುತ್ತಿದ. ಒಳಗಿನ ಕಬ್ಬಿಣ ಒಂದೆರಡು ಬೆರಳು ಉದ್ದವಿದೆ ಎನಿಸಿತಂತೆ. ಹಳೇ ಕಂಪನಿಯವರು ಧಾರಾಳವಾಗಿ ಕಬ್ಬಿಣ ಹಾಕುತ್ತಿದ್ದರು ಎಂದುಕೊಂಡು ಸುಮ್ಮನಾದ.

ಆ ದಿನ ಅಂಗಡಿಯ ಮುಂದೆ ಮೋಟ್ರುಗಳು ಸಾಲುಗಟ್ಟಿದ್ದವು. ಕುಸುಮ ಮೊದಲೆರಡು ಪರೀಕ್ಷೆ ಮಾಡಿದಳು. ಸುಮ್ಮನೆ ತಿರುಗುವಾಗ ಮೋಟ್ರು ಕುಡಿದದ್ದು ಮೂರೇ ಆಂಪಿಯರ್. ಆ ಅಳತೆಯ ಬೇರೆ ಮೋಟ್ರುಗಳು ನಾಲ್ಕೂವರೆ, ಐದು ಕುಡಿಯುತ್ತವೆ. ಇಷ್ಟು ಮಿತವಾಗಿ ಕುಡಿಯುವ ಮೋಟ್ರನ್ನು ತನ್ನ ಜನ್ಮದಲ್ಲಿ ನೋಡಿಲ್ಲ ಎಂದು ಗಂಡನನ್ನು ಹೊಗಳಿ, ಮೂರನೆಯ ಪರೀಕ್ಷೆಯನ್ನು ಬಿಟ್ಟು, ಅದನ್ನು ಟೆಂಪೊ ಹತ್ತಿಸಿದಳು. ರಾತ್ರಿ ಊಟಕ್ಕೆ ಯತೀಶನಿಗೆ ಇಷ್ಟವೆಂದು ಉಪ್ಸಾರು ಮಾಡಿ, ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚಾಗಿಯೇ ಹಾಕಿದಳು.

ನಾಲ್ಕು ದಿನಕ್ಕೆ ಮೋಟ್ರು ಸುಟ್ಟ ವಾಸನೆ ಹೊತ್ತು ವಾಪಸ್ಸು ಬಂತು. ಸಿದ್ದರಾಜು ಟೆಂಪೊದಿಂದ ಇಳಿದವನೇ ಅಂಗಡಿಯ ಮುಂದೆ ನಿಂತು, ಪಂಕ್ಚರಿನವನಿಗೂ ಕೇಳುವ ಹಾಗೆ ಮಾತಾಡಿದ.

"ನಿನ್ ಗಂಡ ಕಟ್ಟಿದ್ ಮೋಟ್ರು ನಾಕ್ ದಿನಕ್ಕೆ ಸುಟ್ಟೋಯ್ತು ಕಣವ್ವ. ಕಬ್ಬು ಕಡ್ದು ಬಿದ್ದದೆ, ಕೊಪ್ಪರಿಗೆ ಒಣಗದೆ. ಇನ್ನೊಂದ್ ಸತಿ ಸುಟ್ರೆ ಮಳವಳ್ಳಿಗೆ ತಕೊಂಡೋಯ್ತೀನಿ. ಯತೀಸನ ಕೈ ಓಯ್ತು ಅಂತ ಊರೆಲ್ಲ ಏಳ್ತೀನಿ."

ಯತೀಶ ವಾರ್ನಿಷ್ ಡಬ್ಬಿ ಮುಚ್ಚಿದ. ಕೋಪ ಬಂದರೆ ಅವನು ಮಾತಾಡುವುದಿಲ್ಲ, ವಾರ್ನಿಷ್ ಡಬ್ಬಿಯ ಮುಚ್ಚಳವನ್ನು ಬಡಿದು ಮುಚ್ಚುತ್ತಾನೆ. ಅಂದು ಮುಚ್ಚಳವೂ ಸದ್ದು ಮಾಡಲಿಲ್ಲ. ಕುಸುಮಳಿಗೆ ಹೆದರಿಕೆಯಾದದ್ದು ಅದರಿಂದಲೇ. ಅವನು ಕನ್ನಡಕ ಹಾಕಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಸಣ್ಣ ತಂತಿ ಎರಡಾಗಿ ಕಾಣುತ್ತದೆ ಎಂದು ಒಂದೆರಡು ಸಲ ಅಂದಿದ್ದ. ಮೋಟ್ರು ಕಟ್ಟುವವನಿಗೆ ಕೈ ಹೋಯಿತು ಎಂಬ ಮಾತು ಒಮ್ಮೆ ಬಂದರೆ ಮುಗಿಯಿತು. ಈ ಊರುಗಳಲ್ಲಿ ಅದು ಬಸ್ಸಿಗಿಂತ ಮೊದಲೇ ಮಂಡ್ಯ ಮುಟ್ಟುತ್ತದೆ.

ಕುಸುಮ ಸಿದ್ದರಾಜುವಿಗೆ ಒಂದು ಮಾತು ಕೊಟ್ಟಳು. ಇವತ್ತೇ ಮತ್ತೆ ಕಟ್ಟಿಸಿ ನಾಳೆ ಮೂರೂ ಪರೀಕ್ಷೆ ಮಾಡುತ್ತೇನೆ, ತಪ್ಪು ಯಾರದೆಂದು ಗೊತ್ತಾದರೆ ನಿಮ್ಮ ಆಲೆಮನೆಗೇ ಬಂದು, ಆಳುಗಳ ಮುಂದೆಯೇ ಹೇಳುತ್ತೇನೆ ಎಂದಳು. ಸಿದ್ದರಾಜು ಸರಿ ಎಂದು ಹೋದ. ಅವನು ಮರೆಯಾದ ಮೇಲೆ ಯತೀಶ ಕನ್ನಡಕ ಒರೆಸುತ್ತಾ ಕೇಳಿದ.

"ನನ್ ಕೈನಾಗೇ ತಪ್ಪದೆ ಅಂತ ಬಂದ್ರೆ? ಅಲ್ಲೋಗಿ ಏಳ್ಬುಡ್ತೀಯಾ?"

"ಹೇಳ್ತೀನಿ ಕಣ್ರೀ," ಎಂದಳು ಕುಸುಮ.

ಹೇಳಿಬಿಟ್ಟ ಮೇಲೆ ಅವನ ಮುಖವನ್ನೇ ನೋಡಿದಳು. ಅವನು ಸಿಟ್ಟಾಗಿದ್ದರೆ ವಾಸಿಯಿತ್ತು. "ಅಂಗಾದ್ರೆ ಸರಿ ಬುಡು," ಎಂದು ತಂತಿಯ ಉರುಳೆ ಎಳೆದುಕೊಂಡು ಕೂತುಬಿಟ್ಟ. ಕತ್ತಲಾಗುವ ಮೊದಲೇ ಸುತ್ತಿ ಮುಗಿಸಿದ, ಮೊದಲಿನಂತೆಯೇ, ಪ್ಲೇಟಿನ ಲೆಕ್ಕದಂತೆಯೇ. ಪ್ರತಿ ಸುತ್ತನ್ನೂ ಬಾಯಿ ಬಿಟ್ಟು ಎಣಿಸಿದ. ಮದುವೆಯಾದಾಗಿನಿಂದ ಅವನು ಬಾಯಿ ಬಿಟ್ಟು ಎಣಿಸಿದ್ದನ್ನು ಅವಳು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕುಸುಮ ಹಲಗೆಯ ಮುಂದೆ ಕೂತಳು. ಮೊದಲು ಬ್ಯಾಟರಿ ಹಚ್ಚಿದಳು. ಒಂದು ಫೇಸು ನೋಡಿದಳು, ಎರಡನೆಯದು ನೋಡಿದಳು, ಮೂರನೆಯದನ್ನು ಎರಡೆರಡು ಸಲ ನೋಡಿದಳು. ಮೂರೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯತೀಶನ ಕೈ ಎಲ್ಲಿಗೂ ಹೋಗಿರಲಿಲ್ಲ. ಅವಳು ತಿರುಗಿ ನೋಡಿ ಹಾಗೆಂದಳು. ಅವನು ಬೇರೆ ಕಡೆ ನೋಡುತ್ತಿದ್ದವನಂತೆ ತಲೆಯಾಡಿಸಿದ, ಆದರೆ ವಾರ್ನಿಷ್ ಡಬ್ಬಿಯ ಮುಚ್ಚಳ ಮಾತ್ರ ಟಪ್ಪೆಂದಿತು.

ಕೈ ಸರಿಯಿದ್ದರೆ ಸುಟ್ಟದ್ದೇಕೆ? ಅದು ಗೊತ್ತಾಗದೆ ಸಿದ್ದರಾಜುವಿನ ಬಾಯಿ ಮುಚ್ಚುವಂತಿರಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಮೋಟ್ರು ಮತ್ತೆ ಅದೇ ಮೂರು ಆಂಪಿಯರ್ ಕುಡಿದು ಸಾಧುವಿನಂತೆ ತಿರುಗಿತು. ಕುಸುಮ ಈ ಸಲ ಅದನ್ನು ಹೊಗಳಲಿಲ್ಲ. ಅತ್ತೆಯನ್ನು ಒನಕೆ ಕೇಳಿದಳು.

ಬೆಳ್ಳಮ್ಮ ಒನಕೆ ತಂದುಕೊಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಯತೀಶ ಅದನ್ನು ಪುಲ್ಲಿಗೆ ತೂರಿಸಿ ಬಿಗಿದ. ಕುಸುಮ ಓಲ್ಟೇಜಿನ ಚಕ್ರವನ್ನು ಮೆಲ್ಲಗೆ ತಿರುಗಿಸತೊಡಗಿದಳು. ಮೋಟ್ರು ತಿರುಗಲಾರದೆ ಗುಂಯ್ ಎಂದಿತು, ಒನಕೆ ಕಿರುಗುಟ್ಟಿತು. ಏಳೂವರೆ ಹೆಚ್‌ಪಿ ಮೋಟ್ರಿಗೆ ಪೂರ್ತಿ ಕರೆಂಟು, ಅಂದರೆ ಹನ್ನೊಂದು ಆಂಪಿಯರ್, ಹರಿಸಲು ಎಪ್ಪತ್ತು, ಎಪ್ಪತ್ತೈದು ಓಲ್ಟು ಸಾಕು. ಎಪ್ಪತ್ತೈದು ದಾಟಿತು, ಅಷ್ಟು ಕರೆಂಟು ಬರಲಿಲ್ಲ. ಎಂಬತ್ತೈದಕ್ಕೂ ಬರಲಿಲ್ಲ. ತೊಂಬತ್ತರ ಹತ್ತಿರ ಬಂದಾಗ ಮುಳ್ಳು ಅಂತೂ ಹನ್ನೊಂದು ಆಂಪಿಯರಿಗೆ ಬಂದು ನಿಂತಿತು.

ಕುಸುಮ ಚಕ್ರ ಇಳಿಸಿ ಎರಡೂ ಅಳತೆಗಳನ್ನು ಅಕ್ಕಪಕ್ಕ ಬರೆದಳು. ಸುಮ್ಮನೆ ತಿರುಗುವಾಗ ಕುಡಿಯುವುದು ಕಮ್ಮಿ, ಹಿಡಿದು ನಿಲ್ಲಿಸಿದರೆ ಎಳೆಯುವುದೂ ಕಮ್ಮಿ. ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು. ಒಳಗಿರುವ ಕಬ್ಬಿಣ ಪ್ಲೇಟು ಹೇಳುವುದಕ್ಕಿಂತ ಹೆಚ್ಚಿದೆ. ಇದು ಏಳೂವರೆಯ ಮೋಟ್ರೇ ಅಲ್ಲ, ಹತ್ತರದು. ಹತ್ತರ ಮೈಗೆ ಏಳೂವರೆಯ ತಂತಿ ಸುತ್ತಿದ್ದಾರೆ. ಗಾಣವೂ ಹತ್ತರ ಮೋಟ್ರಿಗೆ ಒಗ್ಗಿದ್ದಿರಬೇಕು, ಹೊರೆ ಹೆಚ್ಚಾದರೆ ಕರೆಂಟು ಕತ್ತರಿಸುವ ಅಲ್ಲಿನ ಸ್ಟಾರ್ಟರೂ ಹತ್ತಕ್ಕೇ ಹೊಂದಿಸಿದ್ದಿರಬೇಕು. ಕಬ್ಬಿನ ಜಲ್ಲೆ ಕಟ್ಟುಗಟ್ಟಲೆ ಕೊಟ್ಟಾಗ ಪಾಪ ಈ ಮೋಟ್ರು ಶಕ್ತಿ ಮೀರಿ ಎಳೆದಿದೆ, ತಡೆಯುವವರಿಲ್ಲದೆ ಸುಟ್ಟುಹೋಗಿದೆ. ಮಿತವಾಗಿ ಕುಡಿಯುತ್ತದೆ ಎಂದು ಮೆಚ್ಚಿ ತುಪ್ಪ ಬಡಿಸಿದ ತನ್ನನ್ನು ನೆನೆದು ಅವಳಿಗೆ ನಗು ಬಂತು.

ಹಾಗಾದರೆ ಪ್ಲೇಟು ಯಾಕೆ ಸುಳ್ಳು ಹೇಳುತ್ತಿದೆ? ಅವಳು ಬಗ್ಗಿ ನೋಡಿದಳು. ಕುಂಕುಮದ ಪದರದ ಕೆಳಗೆ ಮೊಳೆಗಳು ಕಂಡವು. ಕಂಪನಿಯ ಮೊಳೆಗಳಲ್ಲ, ಬಾಗಿಲ ಚಿಲಕಕ್ಕೆ ಹಾಕುವ ತಿರುಪುಗಳು. ಕೆರೆದು ತೆಗೆಯೋಣವೆಂದು ಚಾಕು ಎತ್ತಿದರೆ ಬೆಳ್ಳಮ್ಮ ಕೈ ಹಿಡಿದಳು. ದೇವರಿಗಿಟ್ಟ ಕುಂಕುಮವನ್ನು ಚಾಕುವಿನಲ್ಲಿ ಕೆರೆಯುತ್ತಾರೆಯೇ ಎಂದು ಬೈದು, ತಾನೇ ಒಂದು ಚೊಂಬು ನೀರಿನಲ್ಲಿ ನೆನೆಸಿ ಮೆತ್ತಗೆ ತೊಳೆದಳು. ಆ ನೀರನ್ನು ತುಳಸಿ ಗಿಡದ ಬುಡಕ್ಕೆ ಹಾಕಿ ಬಂದಳು. ತಿರುಪು ಬಿಚ್ಚಿ ಪ್ಲೇಟು ಎತ್ತಿದಾಗ ಅದರ ಹಿಂದೆ ಬಣ್ಣ ಮಾಸದ ಒಂದು ದೊಡ್ಡ ಚೌಕ ಕಂಡಿತು. ಅದರ ನಾಲ್ಕು ಮೂಲೆಯಲ್ಲಿ ಬೇರೆಯೇ ನಾಲ್ಕು ತೂತು. ಈ ಮೋಟ್ರಿನ ಹುಟ್ಟಿನ ಪ್ಲೇಟೇ ಬೇರೆ ಇತ್ತು.

ಗಂಡ ಹೆಂಡತಿ ಆ ಮಧ್ಯಾಹ್ನವೇ ಸ್ಕೂಟರ್ ಹತ್ತಿ ಚಿಕ್ಕರಸಿನಕೆರೆಗೆ ಹೊರಟರು. ಆಲೆಮನೆಯಲ್ಲಿ ಕೊಪ್ಪರಿಗೆ ತಣ್ಣಗಿತ್ತು, ಆಳುಗಳು ಕಬ್ಬಿನ ರಾಶಿಗೆ ಒರಗಿ ಹರಟುತ್ತಿದ್ದರು. ಸಿದ್ದರಾಜುವಿನ ತಾಯಿ ಚಿಕ್ಕಬೋರಮ್ಮ ಹೊಸ ತಾಮ್ರದ ಚೊಂಬಿನಲ್ಲಿ ಎಲ್ಲರಿಗೂ ಮಜ್ಜಿಗೆ ಹೊಯ್ಯುತ್ತಿದ್ದಳು. ಕುಸುಮ ಕೊಟ್ಟ ಮಾತಿನಂತೆ ಎಲ್ಲರ ಮುಂದೆಯೇ ಹೇಳಿದಳು. ಯತೀಶನ ಕೈಯಲ್ಲಿ ತಪ್ಪಿಲ್ಲ, ಮೂರು ಫೇಸೂ ಸಮನಾಗಿವೆ, ಮೋಟ್ರು ಹತ್ತು ಹೆಚ್‌ಪಿಯದು, ಅದರ ಮೇಲೆ ಯಾರೋ ಏಳೂವರೆಯ ಪ್ಲೇಟು ಹಾಕಿದ್ದಾರೆ ಎಂದಳು. ಹೇಳಿ, ತೊಳೆದ ಪ್ಲೇಟನ್ನು ಸಿದ್ದರಾಜುವಿನ ಕೈಗಿಟ್ಟಳು.

ಸಿದ್ದರಾಜುವಿನ ದೊಡ್ಡ ದನಿ ಎಲ್ಲಿ ಹೋಯಿತೋ. ಅವನು ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿ, ತಾಯಿಯ ಕಡೆ ನೋಡಿದ. ಚಿಕ್ಕಬೋರಮ್ಮ ಚೊಂಬು ಕೆಳಗಿಟ್ಟು ಮುಂದೆ ಬಂದಳು.

ವಿಷಯ ಇಷ್ಟೇ. ಅವಳ ಗಂಡ ಮರಿಯಯ್ಯ ಎತ್ತಿನ ಗಾಣ ಬಿಡಿಸಿ ಮೊದಲ ಸಲ ಮೋಟ್ರು ಕೂರಿಸಿದಾಗ ಬಂದದ್ದು ಏಳೂವರೆಯದು. ಆ ಮೋಟ್ರು ಬಂದ ವರ್ಷವೇ ಸಿದ್ದರಾಜು ಹುಟ್ಟಿದ. ಮನೆಯಲ್ಲಿ ನಡೆದ ಒಳ್ಳೆಯದೆಲ್ಲ ಅದರ ಕಾಲ್ಗುಣ ಎಂದು ಮರಿಯಯ್ಯ ನಂಬಿದ್ದ. ಪ್ರತಿ ಆಯುಧಪೂಜೆಗೆ ಆ ಪ್ಲೇಟಿಗೇ ಮೊದಲ ಕುಂಕುಮ. ಅವನು ತೀರಿಕೊಂಡ ಮೇಲೆ ಮೋಟ್ರೂ ಕೆಟ್ಟಿತು. ಸಿದ್ದರಾಜು ಮಂಡ್ಯದಿಂದ ಸೆಕೆಂಡ್ ಹ್ಯಾಂಡ್ ಮೋಟ್ರು ತಂದ, ಹತ್ತರದು. ಗಾಣವನ್ನೂ ದೊಡ್ಡದು ಮಾಡಿದ. ಆಗ ಅದರ ಪ್ಲೇಟು ತೆಗೆಸಿ ಹಳೆಯದರ ಪ್ಲೇಟು ಹಾಕಿಸಿದವಳು ಚಿಕ್ಕಬೋರಮ್ಮ. ಒಳಗಿನ ತಂತಿ ಕಂಪನಿಯದೇ ಇದ್ದುದರಿಂದ ಇಷ್ಟು ವರ್ಷ ಯಾವ ತೊಂದರೆಯೂ ಆಗಿರಲಿಲ್ಲ. ಮಗನೂ ಅದನ್ನು ಮರೆತೇಬಿಟ್ಟಿದ್ದ.

"ಮಗಿಗೆ ತಾತನ ಎಸ್ರು ಇಡಾಕಿಲ್ವಾ ನಾವು? ಅಂಗೇ ಇಟ್ಟೆ ಕಣವ್ವ," ಎಂದಳು ಚಿಕ್ಕಬೋರಮ್ಮ. "ಮೋಟ್ರಿಗೆ ಇಟ್ರೆ ತೆಪ್ಪಾ?"

ಕುಸುಮಳಿಗೆ ಆ ಮುದುಕಿಯ ಮೇಲೆ ಮುನಿಸಿಕೊಳ್ಳಲು ಆಗಲಿಲ್ಲ. "ತಪ್ಪಿಲ್ಲ ಅಜ್ಜಿ. ಆದ್ರೆ ತಾತನ ಹೆಸ್ರು ಇಟ್ವಿ ಅಂತ ಮೊಮ್ಮಗನಿಗೆ ತಾತನ ಅಳತೆ ಅಂಗಿ ಹೊಲ್ಸುದ್ರೆ ಹರಿದೋಗಲ್ವಾ? ಈ ಮೋಟ್ರು ತಾತನಿಗಿಂತ ದೊಡ್ಡಾಳು. ನಮ್ಮೋರು ಪ್ಲೇಟು ನಂಬ್ಕೊಂಡು ಸಣ್ಣಂಗಿ ಹೊಲುದ್ಬುಟ್ರು."

ಆಳುಗಳು ಗೊಳ್ಳೆಂದು ನಕ್ಕರು. ಸಿದ್ದರಾಜುವೂ ನಕ್ಕ, ಆದರೆ ನಗು ಪೂರ್ತಿ ಬರಲಿಲ್ಲ. ಅವನು ಯತೀಶನ ಎದುರು ಬಂದು ನಿಂತ.

"ತೆಪ್ಪಾಯ್ತು ಕಣ್ಲಾ ಯತೀಸ. ಕೈ ಓಯ್ತು ಅಂದ್ಬುಟ್ಟೆ. ನಾನೇ ಎಲ್ರುಗೂ ಏಳ್ತೀನಿ, ನಿನ್ ಕೈ ಸರಿಯಾಗದೆ ಅಂತ."

ಯತೀಶ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸುವಂಥದ್ದು ಗಾಜಿನ ಮೇಲೆ ಏನೂ ಇರಲಿಲ್ಲ.

ಮೋಟ್ರನ್ನು ಮತ್ತೆ ಬಿಚ್ಚಿ, ಒಳಗಿನ ಕಬ್ಬಿಣ ಅಳೆದು, ಹತ್ತರ ಲೆಕ್ಕಕ್ಕೆ ದಪ್ಪ ತಂತಿ ಸುತ್ತಿದ್ದಾಯಿತು. ಈ ಸಲ ಯತೀಶ ಬಾಯಿ ಬಿಟ್ಟು ಎಣಿಸಲಿಲ್ಲ. ಬೆಳ್ಳಮ್ಮ ಕೇಳುವ ಮೊದಲೇ ಒನಕೆ ತಂದಿಟ್ಟು ಕೂತಳು. ಮೂರೂ ಪರೀಕ್ಷೆ ಚೆನ್ನಾಗಿ ಮುಗಿದವು. ಮೋಟ್ರು ಒಯ್ಯಲು ಬಂದಿದ್ದ ಸಿದ್ದರಾಜು ಮೀಟರಿನ ಮುಳ್ಳು ಆರರ ಹತ್ತಿರ ನಿಂತದ್ದನ್ನು ನೋಡಿ, ಮೊದಲಿನದು ಮೂರೇ ಕುಡಿಯುತ್ತಿತ್ತಲ್ಲ, ಇದು ಜಾಸ್ತಿ ಕುಡಿಯುತ್ತದಲ್ಲ ಎಂದು ಗೊಣಗಿದ. ಗೇಯುವ ಆಳು ಉಣ್ಣದೆ ಗೇಯುತ್ತಾನೆಯೇ ಎಂದು ಕುಸುಮ ಕೇಳಿದಳು. ಅವನು ಟೆಂಪೊದ ಹಿಂಬದಿ ಬಿಚ್ಚಲು ಹೋದ.

ಮಂಡ್ಯದಲ್ಲಿ ತಗಡಿನ ಮೇಲೆ ಅಕ್ಷರ ಕೊರೆಯುವವನೊಬ್ಬನಿದ್ದಾನೆ. ಕುಸುಮ ಅವನ ಹತ್ತಿರ ಹೋಗಿ ಹೊಸ ಪ್ಲೇಟು ಮಾಡಿಸಿದಳು. ಹತ್ತು ಹೆಚ್‌ಪಿ, ಇಷ್ಟು ಓಲ್ಟು, ಇಷ್ಟು ಕರೆಂಟು, ತಾನು ಅಳೆದು ಕಂಡದ್ದಷ್ಟೇ. ಕೆಳಗೆ ಇನ್ನೊಂದು ಸಾಲು ಕೊರೆಸಿದಳು. ಯಾವ ಕಂಪನಿಯವರೂ ಅಂಥ ಸಾಲು ಹಾಕುವುದಿಲ್ಲ. ಗಂಡನಿಗೆ ಹೇಳಿರಲಿಲ್ಲ.

ಆಲೆಮನೆಯಲ್ಲಿ ಮೋಟ್ರು ಕೂರಿಸಿ ಬೆಲ್ಟು ಹಾಕಿದರು. ಸಿದ್ದರಾಜು ಸ್ಟಾರ್ಟರ್ ಒತ್ತಿದ. ಗಾಣ ಒಮ್ಮೆ ಮೈ ಮುರಿದು ತಿರುಗಿತು. ಆಳುಗಳು ಮೊದಲು ಹೆದರಿ ಹೆದರಿ ಒಂದೊಂದೇ ಜಲ್ಲೆ ಕೊಟ್ಟರು, ಆಮೇಲೆ ಕಟ್ಟುಗಟ್ಟಲೆ ಕೊಟ್ಟರು. ಕಬ್ಬಿನ ಹಾಲು ನೊರೆಗಟ್ಟಿ ಇಳಿಯಿತು. ಸಂಜೆಯವರೆಗೂ ಯತೀಶ ಅಲ್ಲಿಂದ ಕದಲಲಿಲ್ಲ. ಆಗಾಗ ಮೋಟ್ರಿನ ಮೈಗೆ ಅಂಗೈ ಇಟ್ಟು ನೋಡುತ್ತಿದ್ದ. ಬಿಸಿ ಹಿತವಾಗಿಯೇ ಇತ್ತು.

ಕೊಪ್ಪರಿಗೆಯಿಂದ ಮೊದಲ ಬೆಲ್ಲ ಇಳಿಸುವ ಹೊತ್ತಿಗೆ ಚಿಕ್ಕಬೋರಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಮರಿಯಯ್ಯನ ಕಾಲದ ಹಳೆಯ ಪ್ಲೇಟು ದೇವರ ಪಟದ ಪಕ್ಕದ ಕಂಬದ ಮೇಲೆ ಕೂತಿತ್ತು. ಅದಕ್ಕೆ ಧಾರಾಳವಾಗಿ ಕುಂಕುಮ ಹಚ್ಚಿದಳು. ಆಮೇಲೆ ಮೋಟ್ರಿನ ಹತ್ತಿರ ಬಗ್ಗಿ ಹೊಸ ಪ್ಲೇಟಿನ ಕಡೆ ಬೆರಳು ಚಾಚಿದಳು. ಕುಸುಮ ಓಡಿ ಬಂದು, ಅಕ್ಷರ ಮುಚ್ಚಿಹೋಗುತ್ತದೆ, ಬೇಡ ಎಂದು ಕೈ ಅಡ್ಡ ಹಿಡಿದಳು. ಮುದುಕಿಗೆ ಓದು ಬಾರದು. ಹಾಗೆ ಮುಚ್ಚಬಾರದಂಥದ್ದು ಏನು ಬರೆದಿದೆ ಎಂದು ಮಗನನ್ನು ಕೇಳಿದಳು. ಸಿದ್ದರಾಜು ಬಗ್ಗಿ ಆಂಪಿಯರು, ಓಲ್ಟು ಎಲ್ಲ ಓದಿ, ಕೊನೆಯ ಸಾಲಿಗೆ ಬಂದು ದನಿ ಎತ್ತಿದ.

"ಕಟ್ಟಿದೋರು ಯತೀಸ, ಮದ್ದೂರು ಅಂತ ಬರ್ದದೆ ಕಣವ್ವ."

ಯತೀಶ ಕತ್ತು ಚಾಚಿ ಪ್ಲೇಟು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಕುಸುಮ ಕೊಪ್ಪರಿಗೆಯ ಕಡೆ ಮುಖ ಮಾಡಿಕೊಂಡಿದ್ದಳು. ಚಿಕ್ಕಬೋರಮ್ಮ ಕುಂಕುಮದ ಬೆರಳನ್ನು ಹಾಗೆಯೇ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದಳು. "ಅಂಗಾದ್ರೆ ಇವನ್ಗೇ ಇಡ್ತೀನಿ ಬುಡು, ಬಗ್ಗಪ್ಪ," ಎಂದು ಯತೀಶನ ಹಣೆಗೆ ಉದ್ದಕ್ಕೆ ಕುಂಕುಮ ಎಳೆದಳು.

ಮದ್ದೂರಿಗೆ ವಾಪಸ್ಸಾಗುವಾಗ ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಸಿದ್ದರಾಜು ಕೊಟ್ಟ ಬಿಸಿ ಬೆಲ್ಲದ ಅಚ್ಚುಗಳನ್ನು ಕುಸುಮ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಿದ್ದಳು. ಅಂಗಡಿಯ ಮುಂದೆ ಇಳಿದಾಗ ಬೆಳ್ಳಮ್ಮ ಮಗನ ಹಣೆ ನೋಡಿ, ಯಾರ ಮನೆಯಲ್ಲಿ ಪೂಜೆಯಾಯಿತು ಎಂದು ಕೇಳಿದಳು. ಯತೀಶ ಒಳಗೆ ಹೋಗಿ, ಬೆಳಗಿನ ಪರೀಕ್ಷೆಗಳ ಬಳಿಕ ಬೆಂಚಿನಲ್ಲೇ ಉಳಿದಿದ್ದ ಒನಕೆಯನ್ನು ಈ ಸಲ ಅಮ್ಮನಿಗೆ ಬಿಡದೆ ತಾನೇ ತೊಳೆದು ಮೂಲೆಗಿಟ್ಟ.